ಮೊಂಡಿ ಮತ್ತು ಮಂಜಿನ ದೋಣಿ

"ಎರಡನೇ ಗೇಮ್ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ," ಎಂದಳು ಮೊಂಡಿ, ಕ್ಲಾಸಿನ ಮುಂದೆ ನಿಂತು. "ಒಂದು ಕೆರೆ, ಒಂದು ದೋಣಿ. ಸ್ವಲ್ಪ ದೂರ ಹೋದ್ರೆ ಬರೀ ಮಂಜು. ಸ್ಕ್ರೀನ್ ಪೂರ್ತಿ ಬೆಳ್ಳಗೆ. ಏನೂ ಕಾಣದ ಮೇಲೆ ಆಡೋದೇನು, ಮಣ್ಣು? ಕಣ್ಣಿಗೆ ಬಟ್ಟೆ ಕಟ್ಕೊಂಡು ಟಿವಿ ನೋಡಿದ ಹಾಗಾಯ್ತು."

ಕ್ಲಾಸ್ ಗೊಳ್ಳೆಂದು ನಕ್ಕಿತು. ಟೀಚರ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದರು.

ಶುಕ್ರವಾರದ ಕೊನೆಯ ಪೀರಿಯಡ್ ಎಂದರೆ ಹೀಗೇ. ಇತ್ತೀಚೆಗೆ ಓದಿದ್ದು, ನೋಡಿದ್ದು, ಆಡಿದ್ದು, ಯಾವುದಾದರೂ ಸರಿ, ಅದು ತನಗೆ ಹೇಗನ್ನಿಸಿತು ಎಂದು ಒಬ್ಬೊಬ್ಬರು ಬಂದು ಹೇಳಬೇಕು. ಮೊಂಡಿ ಹೇಳುತ್ತಿದ್ದುದು ಗೇಮ್‌ಗಳ ಬಗ್ಗೆ ಮಾತ್ರ. ಅವಳ ನಿಜವಾದ ಹೆಸರು ಹಾಜರಿ ಕೂಗುವಾಗಷ್ಟೇ ಕೇಳಿಸುತ್ತಿತ್ತು. ಹಿಡಿದದ್ದನ್ನು ಬಿಡದ ಹುಡುಗಿ ಎಂದು ಮನೆಯಲ್ಲಿ ಇಟ್ಟ ಅಡ್ಡಹೆಸರು ಅವಳ ಹಿಂದೆಯೇ ಶಾಲೆಗೂ ಬಂದು ಕೂತಿತ್ತು. ಅವಳು ಚೆನ್ನಾಗಿದೆ ಎಂದ ಗೇಮನ್ನು ಎಲ್ಲರೂ ಹುಡುಕಿ ಆಡುತ್ತಿದ್ದರು. ಚೆನ್ನಾಗಿಲ್ಲ ಎಂದರೆ ಮುಗಿಯಿತು, ಅದನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ.

ಇವತ್ತು ಮೊದಲು ಅವಳು ಕಾರ್ ರೇಸ್ ಗೇಮನ್ನು ಹೊಗಳಿದ್ದಳು. ಅದನ್ನು ಆಡಿದ್ದು ಅತ್ತೆ ಮನೆಯಲ್ಲಿ, ಟಿವಿಗೆ ಸಿಕ್ಕಿಸಿದ ಕನ್ಸೋಲ್‌ನಲ್ಲಿ. ತಿರುವಿನಲ್ಲಿ ಕಂಟ್ರೋಲರ್ ಅಂಗೈಯಲ್ಲೇ ಗಡಗಡ ನಡುಗುವುದನ್ನು ಅವಳು ಮಾಡಿ ತೋರಿಸಿದಾಗ ಹಿಂದಿನ ಬೆಂಚಿನವರು ಎದ್ದು ನಿಂತಿದ್ದರು. ಎರಡನೆಯದು ಅವಳದೇ ಪುಟ್ಟ ಗೇಮ್ ಸೆಟ್‌ನಲ್ಲಿ ಆಡಿದ ದೋಣಿ ಗೇಮ್. ಸೆಟ್‌ಗೆ ಸಿಕ್ಕಿಸಿ ಆಡುವ ಅದರ ಕಾರ್ಡ್ ಕೊಟ್ಟವಳು ಪಿಸು.

ಪಿಸು ಯಾವಾಗಲೂ ಪಿಸುಗುಟ್ಟಿದ ಹಾಗೆ ಮಾತಾಡುವವಳು, ಮೊದಲನೇ ಬೆಂಚಿನವಳು. ದಪ್ಪ ಕನ್ನಡಕ ಹಾಕಿದರೂ ಬೋರ್ಡ್ ಓದಲು ಮುಂದಕ್ಕೆ ಬಾಗುತ್ತಿದ್ದಳು. ಯಾರಾದರೂ ಗೇಮ್ ಕೈಗಿಟ್ಟರೆ ಆಡದೆ ಹಿಂದಿರುಗಿಸುತ್ತಿದ್ದಳು. ಯಾರ ಬಳಿಯೂ ಏನನ್ನೂ ಕೇಳುವವಳಲ್ಲ, ಯಾರಿಗೂ ಏನನ್ನೂ ಕೊಡುವವಳೂ ಅಲ್ಲ. ಅಂಥವಳು ತಾನಾಗಿಯೇ ಕಾರ್ಡ್ ತಂದು, "ನಿಧಾನಕ್ಕೆ ಆಡು," ಎಂದಷ್ಟೇ ಹೇಳಿ ಕೊಟ್ಟಿದ್ದಳು.

ಬೆಲ್ ಆಯಿತು. ಪಿಸು ಬಂದು ಅಂಗೈ ಚಾಚಿದಳು. ಮೊಂಡಿ ಕಾರ್ಡ್ ಇಟ್ಟಳು.

"ಎಲ್ಲಿವರೆಗೆ ಹೋದೆ?"

"ಮಂಜು ಬರೋವರೆಗೆ."

"ಅಂದ್ರೆ, ಗೇಮ್ ಶುರು ಆಗೋವರೆಗೆ," ಎಂದು ಪಿಸು ಹೊರಟೇ ಹೋದಳು.

ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಮೊಂಡಿಯನ್ನು ಕಾಡತೊಡಗಿತು. ರೇಸ್ ಗೇಮನ್ನು ಅವಳು ಕೊನೆಯ ರೇಸ್ ಗೆಲ್ಲುವವರೆಗೂ ಆಡಿದ್ದಳು. ದೋಣಿ ಗೇಮನ್ನು ಆಡಿದ್ದು ಊಟಕ್ಕೆ ತಟ್ಟೆ ಹಾಕುವಷ್ಟು ಹೊತ್ತು. ಅಷ್ಟರಲ್ಲೇ ತೀರ್ಪು ಕೊಟ್ಟಾಗಿತ್ತು.

ಅವಳು ಬ್ಯಾಗ್ ಹೆಗಲಿಗೇರಿಸಿ ಓಡಿದಳು. ಪಿಸು ಗೇಟಿನ ಹತ್ತಿರ ಸಿಕ್ಕಳು.

"ಇನ್ನೊಂದ್ಸಲ ಕೊಡು ಅದನ್ನ."

"ಯಾಕೆ, ಇನ್ನೂ ನಗಿಸ್ಬೇಕಾ?"

"ಪೂರ್ತಿ ಆಡ್ತೀನಿ. ಆಮೇಲೂ ಚೆನ್ನಾಗಿಲ್ಲ ಅನ್ನಿಸಿದ್ರೆ ಹಾಗೇ ಹೇಳ್ತೀನಿ. ಚೆನ್ನಾಗಿದ್ರೆ ಅದನ್ನೂ ಎಲ್ಲರ ಮುಂದೇನೇ ಹೇಳ್ತೀನಿ."

ಪಿಸು ಅವಳ ಮುಖವನ್ನು ತೀರಾ ಹತ್ತಿರದಿಂದ ನೋಡಿದಳು. ಸುಮ್ಮನೆ ಹೊಗಳುತ್ತೇನೆ ಎಂದಿದ್ದರೆ ಕೊಡುತ್ತಿರಲಿಲ್ಲವೇನೋ. ಕಾರ್ಡ್ ಮತ್ತೆ ಮೊಂಡಿಯ ಕೈಗೆ ಬಂತು.

ಶನಿವಾರ ಮಧ್ಯಾಹ್ನ ಮೊಂಡಿ ಕಿಟಕಿಯ ಪಕ್ಕ ಕೂತಳು. ಅವರ ಮನೆಯಲ್ಲಿ ಮಧ್ಯಾಹ್ನವೇ ರಾತ್ರಿ ಇದ್ದ ಹಾಗೆ. ಅಪ್ಪ ಬೇಕರಿಯಲ್ಲಿ ಬ್ರೆಡ್ ಮಾಡುವವರು. ಕೋಳಿ ಕೂಗುವ ಮೊದಲೇ ಎದ್ದು ಹೋಗಿ, ಮಧ್ಯಾಹ್ನ ಬಂದು ಮಲಗುತ್ತಿದ್ದರು. ಅದೇ ಹೊತ್ತಿಗೆ ಅಮ್ಮ ತಮ್ಮನನ್ನು ತೊಟ್ಟಿಲಿಗೆ ಹಾಕುತ್ತಿದ್ದಳು. ಒಂದು ಚಮಚ ಬಿದ್ದರೂ ಅಮ್ಮನ ಕಣ್ಣು ದೊಡ್ಡದಾಗುತ್ತಿತ್ತು. ಇಯರ್‌ಫೋನ್ ಹಾಕಿಕೊಳ್ಳೋಣ ಎಂದರೆ ಅದರ ವೈರನ್ನು ತಮ್ಮ ಹೊಸ ಹಲ್ಲು ಬಂದ ಖುಷಿಗೆ ಕಡಿದು ಹಾಕಿದ್ದ. ಹಾಗಾಗಿ ಮೊಂಡಿಯ ಗೇಮ್ ಸೆಟ್‌ನ ಸೌಂಡ್ ಯಾವಾಗಲೂ ಆಫ್.

ದೋಣಿ ಹೊರಟಿತು. ಎಡಗಡೆಯ ಬಟನ್ ಒಂದು ಹುಟ್ಟು, ಬಲಗಡೆಯದು ಇನ್ನೊಂದು ಹುಟ್ಟು. ಎರಡನ್ನೂ ಒಂದಾದ ಮೇಲೊಂದು ಒತ್ತಿದರೆ ನೇರ ಹೋಗುತ್ತಿತ್ತು. ಆಮೇಲೆ ಮಂಜು ಬಂತು. ಹಾಲು ಚೆಲ್ಲಿದಂತೆ ಪರದೆ ಬೆಳ್ಳಗಾಯಿತು. ಎಲ್ಲೋ ಬಂಡೆ ತಗುಲಿ ದೋಣಿ ಮಗುಚಿತು. ಮತ್ತೆ ಹೊರಟಳು, ಮತ್ತೆ ಮಗುಚಿತು. ಬಲಕ್ಕೆ ಹೋದರೂ ಅಷ್ಟೇ, ಎಡಕ್ಕೆ ಹೋದರೂ ಅಷ್ಟೇ. ಬಂಡೆಗಳಿಗೆ ಲೆಕ್ಕವೇ ಇಲ್ಲದಂತಿತ್ತು.

ಸಂಜೆಯ ಹೊತ್ತಿಗೆ ಹೆಬ್ಬೆರಳು ನೋಯುತ್ತಿತ್ತು. "ಕಣ್ಣು ಕೆಂಡ ಆಗಿದೆ, ಇಡು ಅದನ್ನ," ಎಂದು ಅಮ್ಮ ಸೆಟ್ ತೆಗೆದು ಕಪಾಟಿನ ಮೇಲಿಟ್ಟಳು.

ಭಾನುವಾರ ಮೊಂಡಿ ಸೆಟ್ ಆನ್ ಮಾಡುವ ಮೊದಲು ಸುಮ್ಮನೆ ಕೂತು ಯೋಚಿಸಿದಳು. ಗೇಮ್ ಮಾಡಿದವರಿಗೇನು ಹುಚ್ಚೇ? ದಾರಿ ಇಲ್ಲದೆ ಕೆರೆ ಮಾಡಿರುತ್ತಾರೆಯೇ? ಹಾಗಾದರೆ ತಾನೇ ಏನೋ ಬಿಟ್ಟಿರಬೇಕು. ಈ ಸಲ ಯಾವುದನ್ನೂ ಸ್ಕಿಪ್ ಮಾಡುವುದಿಲ್ಲ ಎಂದುಕೊಂಡು ಮೊಟ್ಟಮೊದಲಿನಿಂದ ಶುರು ಮಾಡಿದಳು. ಕಂಪನಿಯ ಗುರುತು ಬಂತು, ಗೇಮಿನ ಹೆಸರು ಬಂತು. ಆಮೇಲೆ ಒಂದು ಮೂಲೆಯಲ್ಲಿ ಒಂದು ಪುಟಾಣಿ ಕಿವಿಯ ಚಿತ್ರ ಮೂಡಿ ಮಾಯವಾಯಿತು.

ಮೊಂಡಿ ಹಣೆ ಚಚ್ಚಿಕೊಂಡಳು. ಸೆಟ್ ಎತ್ತಿಕೊಂಡು ಸದ್ದಾಗದಂತೆ ಬಾಗಿಲು ತೆಗೆದು, ಟೆರೇಸಿಗೆ ಹೋಗುವ ಮೆಟ್ಟಿಲ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಹೋಗಿ ಕೂತಳು. ಸೌಂಡ್ ಪೂರ್ತಿ ಏರಿಸಿದಳು.

ಅದು ಬೇರೆಯದೇ ಗೇಮ್ ಆಗಿತ್ತು.

ದೂರದ ದಡದಲ್ಲಿ ಯಾರೋ ಗಂಟೆ ಬಾರಿಸುತ್ತಿದ್ದರು. ದೋಣಿ ಬಲಕ್ಕೆ ತಿರುಗಿದರೆ ಗಂಟೆ ಸೆಟ್‌ನ ಎಡಗಡೆಯ ಸ್ಪೀಕರ್ ತೂತಿನಿಂದ ಕೇಳುತ್ತಿತ್ತು. ದೋಣಿಯನ್ನು ಎಡಕ್ಕೆ ತಿರುಗಿಸಿದರೆ ಸದ್ದು ನಡುವಿಗೆ ಬರುತ್ತಿತ್ತು. ಬಂಡೆ ಹತ್ತಿರವಾದರೆ ನೀರು ಚಟಚಟ ಬಡಿಯುತ್ತಿತ್ತು. ಜೊಂಡು ಬೆಳೆದ ಕಡೆ ಕಪ್ಪೆಗಳು ವಟಗುಟ್ಟುತ್ತಿದ್ದವು. ಅಲ್ಲಿ ಹುಟ್ಟು ಸಿಕ್ಕಿಕೊಳ್ಳುತ್ತಿತ್ತು, ಹೋಗಬಾರದು. ಈಗಲೂ ದೋಣಿ ಮಗುಚುತ್ತಿತ್ತು, ಆದರೆ ಯಾಕೆ ಮಗುಚಿತು ಎಂದು ಗೊತ್ತಾಗುತ್ತಿತ್ತು. ಗೊತ್ತಾದ ಮೇಲೆ ಮೊಂಡಿ ಬಿಡುವವಳೇ?

ಎಷ್ಟೋ ಹೊತ್ತಿನ ಮೇಲೆ ಅಪ್ಪ ತಲೆ ಕೆರೆದುಕೊಳ್ಳುತ್ತ ಮೇಲೆ ಬಂದರು. ಯಾರ ಮನೆಯ ಗಂಟೆ ಇದು ಎಂದು ಹುಡುಕಿಕೊಂಡು ಬಂದಿದ್ದರಂತೆ. ಬೈಯಲಿಲ್ಲ. ಪಕ್ಕದ ಮೆಟ್ಟಿಲಲ್ಲಿ ಕೂತು ಕಿವಿಗೊಟ್ಟರು. ಸ್ವಲ್ಪ ಹೊತ್ತಾದ ಮೇಲೆ ಅವರಿಗೂ ತಡೆಯಲಾಗಲಿಲ್ಲ. "ಎಡಕ್ಕೆ, ಎಡಕ್ಕೆ," ಎಂದರು.

"ಸುಮ್ನಿರಪ್ಪ. ನಾನೇ ಕೇಳಿಸ್ಕೋತೀನಿ."

ಬಿಸಿಲು ಟ್ಯಾಂಕಿನ ಆಚೆ ಜಾರುವ ಹೊತ್ತಿಗೆ ದೋಣಿ ದಡ ಮುಟ್ಟಿತು. ಮಂಜು ಸರಿಯಿತು. ದಡದಲ್ಲಿ ಒಬ್ಬಳು ಮುದುಕಿ ಗಂಟೆಯ ಹಗ್ಗ ಹಿಡಿದು ನಿಂತಿದ್ದಳು. ಪಟಾಕಿಯಿಲ್ಲ, ಕಪ್ ಇಲ್ಲ, ಪಾಯಿಂಟ್ಸ್ ಇಲ್ಲ. ಮುದುಕಿ ಹಗ್ಗ ಕೆಳಗೆ ಬಿಟ್ಟಳು, ಅಷ್ಟೇ. ಮೊಂಡಿ ಸೆಟ್ ಆಫ್ ಮಾಡದೆ ಆ ಮುದುಕಿಯನ್ನೇ ನೋಡುತ್ತ ಕೂತಳು.

ಶುಕ್ರವಾರ ಮೊಂಡಿಯ ಸರದಿ ಇರಲಿಲ್ಲ. ಟೀಚರ್ ಬಳಿ ಹೋಗಿ ಸ್ವಲ್ಪ ಸಮಯ ಕೇಳಿಕೊಂಡು ಮುಂದೆ ನಿಂತಳು. ದೋಣಿ ಗೇಮ್ ಚೆನ್ನಾಗಿದೆ ಎಂದು ಶುರು ಮಾಡುತ್ತಿದ್ದಂತೆಯೇ ಹಿಂದಿನ ಬೆಂಚಿನಿಂದ ಯಾರೋ "ಯು ಟರ್ನ್" ಎಂದರು. ನಗು ಹಬ್ಬಿತು. ಮೊಂಡಿಯ ಕಿವಿ ಬಿಸಿಯಾಯಿತು. ನಗು ನಿಲ್ಲುವವರೆಗೂ ಅವಳು ಅಲುಗದೆ ನಿಂತಳು.

"ಹೋದ ವಾರ ನಾನು ಹೇಳಿದ್ದು ಗೇಮ್ ಬಗ್ಗೆ ಅಲ್ಲ. ಸೌಂಡ್ ಆಫ್ ಮಾಡ್ಕೊಂಡು, ನೋಡ್ಬೇಕಾದ್ದನ್ನ ಸ್ಕಿಪ್ ಮಾಡಿ, ಸ್ವಲ್ಪ ಹೊತ್ತು ಆಡಿ ಬಿಟ್ಟಿದ್ನಲ್ಲ, ಅದರ ಬಗ್ಗೆ. ಗೇಮ್ ಬಗ್ಗೆ ಇವತ್ತು ಹೇಳ್ತೀನಿ."

ಹೇಳಿದಳು. ಗಂಟೆಯ ಬಗ್ಗೆ, ಕಪ್ಪೆಗಳ ಬಗ್ಗೆ, ಹಗ್ಗ ಬಿಟ್ಟ ಮುದುಕಿಯ ಬಗ್ಗೆ. ಜೊಂಡಿನ ಭಾಗ ತೀರಾ ಉದ್ದವಾಯಿತು, ಕಿವಿಯ ಚಿತ್ರ ಇನ್ನೂ ದೊಡ್ಡದಾಗಿರಬೇಕಿತ್ತು ಎಂಬುದನ್ನೂ ಬಿಡಲಿಲ್ಲ. ಯಾರೂ ನಗಲಿಲ್ಲ. ಕೊನೆಗೆ ಯು ಟರ್ನ್ ಎಂದವನೇ ಆ ಕಾರ್ಡ್ ಯಾರದು ಎಂದು ಕೇಳಿದ.

ಸಂಜೆ ಪಿಸು ಮನೆಗೆ ಹೋಗಲು ಅವಸರ ಮಾಡಲಿಲ್ಲ. ಶಾಲೆಯ ಹಿಂದಿನ ಜಗಲಿಯಲ್ಲಿ ಮೊಂಡಿಯನ್ನು ಕೂರಿಸಿ, ಅದರಲ್ಲಿ ಎರಡನೇ ಕೆರೆಯೂ ಇದೆ, ಗೊತ್ತಾ ಎಂದು ತನ್ನ ಸೆಟ್ ತೆಗೆದು, ಮೊಂಡಿ ವಾಪಸ್ ಕೊಟ್ಟ ಕಾರ್ಡ್ ಸಿಕ್ಕಿಸಿದಳು. ಜೊಂಡಿನ ಭಾಗ ಉದ್ದ ಅಂದಿದ್ದು ಸರಿ, ನನಗೂ ಹಾಗೇ ಅನ್ನಿಸಿತ್ತು ಎಂದೂ ಹೇಳಿದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಕೂತರು.

ಮಂಜು ಬಂತು. ಪಿಸುವಿನ ದೋಣಿ ಒಂದು ಬಂಡೆಗೂ ತಾಗದೆ ಬೆಣ್ಣೆಯಿಂದ ಕೂದಲು ತೆಗೆದಂತೆ ಹೋಗುತ್ತಿತ್ತು. ಮೊಂಡಿ ಪರದೆಯನ್ನೇ ದಿಟ್ಟಿಸಿ ನೋಡಿದಳು. ಬಿಳಿಯ ಹೊರತು ಏನೂ ಕಾಣಲಿಲ್ಲ. ಇದು ಹೇಗೆ ಎಂದು ಕೇಳಲು ಪಕ್ಕಕ್ಕೆ ತಿರುಗಿದಳು.

ಪಿಸು ಪರದೆಯನ್ನು ನೋಡುತ್ತಲೇ ಇರಲಿಲ್ಲ. ಕನ್ನಡಕ ಮಡಿಚಿ ಮಡಿಲಲ್ಲಿಟ್ಟಿದ್ದಳು. ಮುಖ ಎತ್ತಿ ಎದುರಿನ ಗೋಡೆಯ ಕಡೆ ತಿರುಗಿಸಿದ್ದಳು. ಹೆಬ್ಬೆರಳುಗಳು ಮಾತ್ರ ತಮ್ಮ ಪಾಡಿಗೆ ತಾವು ಆಡುತ್ತಿದ್ದವು. ಇದು, ಯಾರು ರೇಸ್ ಗೇಮ್ ಕೈಗೆ ಕೊಟ್ಟರೂ "ನೀವೇ ಆಡಿ" ಎಂದು ವಾಪಸ್ ಕೊಡುತ್ತಿದ್ದ ಹುಡುಗಿಯ ಮುಖ ಎಂದು ಅನ್ನಿಸಲೇ ಇಲ್ಲ. ಅಷ್ಟು ಹಾಯಾಗಿತ್ತು ಅದು.

ಮೊದಲ ಶುಕ್ರವಾರ ಎಲ್ಲರೂ ನಗುವಾಗ ಈ ಮುಖ ಹೇಗಿತ್ತೋ, ಮೊಂಡಿ ಅತ್ತ ನೋಡಿಯೇ ಇರಲಿಲ್ಲ.

"ತಗೋ, ನೀನು ನಡೆಸು," ಎಂದು ಪಿಸು ಸೆಟ್ ಅವಳ ಕೈಗಿಟ್ಟಳು.

ಮೊಂಡಿ ಕಣ್ಣು ಮುಚ್ಚಿಕೊಂಡಳು. ಎಲ್ಲೋ ಬಹಳ ದೂರದಲ್ಲಿ ಗಂಟೆ ಒಂದು ಸಲ ಕೇಳಿಸಿತು.

"ಬಲಗಡೆ, ಅಲ್ವಾ?"

"ಅವಸರ ಇಲ್ಲ. ಇನ್ನೂ ಸ್ವಲ್ಪ ಕೇಳು," ಎಂದಳು ಪಿಸು.

ಮೊಂಡಿ ಬಟನ್ ಮೇಲಿನ ಬೆರಳು ಸಡಿಲಿಸಿ ಕೇಳುತ್ತ ಕೂತಳು.