ತಿರುಗಿ ನೋಡುವ ಕೋವಿ

“ಒರೆಸು, ಅಳತೆ ತಗೋ, ಬರ್ಕೋ. ಆ ಕೋವೀನ ಹೆಗಲಿಗೆ ಮಾತ್ರ ಏರಿಸ್ಬೇಡ ಮಗಾ,” ಎಂದಳು ಒಡೀಲ್ ಅಜ್ಜಿ, ಕೆತ್ತುತ್ತಿದ್ದ ಉಕ್ಕಿನ ತಗಡಿನಿಂದ ತಲೆಯೆತ್ತದೆ. “ಅದು ತಿರುಗಿ ನೋಡುತ್ತೆ.”

ಎವ್ರಾರ್ ನಕ್ಕುಬಿಟ್ಟ. ಬ್ರಸೆಲ್ಸಿನ ಒಂದು ವಸ್ತುಸಂಗ್ರಹಾಲಯಕ್ಕೆ ಅಪರೂಪದ ಕೋವಿಗಳನ್ನು ಆರಿಸಲು ಅವನು ಕೋವಿ ಕಸುಬಿನ ಊರಾದ ಲೀಜ್‌ಗೆ, ಕೋವಿಗಳ ಮೇಲೆ ಚಿತ್ತಾರ ಕೆತ್ತುವ ಈ ಅಜ್ಜಿಯ ಮನೆಗೆ ಬಂದು ಮೂರು ದಿನವಾಗಿತ್ತು. ಊರುಗೋಲಿನೊಳಗೆ ಅಡಗಿದ ಕೋವಿ, ಬಾತುಕೋಳಿಯ ಪಾದದಂತೆ ನಾಲ್ಕು ನಳಿಗೆ ಹರಡಿಕೊಂಡ ಪಿಸ್ತೂಲು, ಎಲ್ಲವನ್ನೂ ಅಜ್ಜಿ ತಾನಾಗಿಯೇ ತೋರಿಸಿದ್ದಳು. ಇದೊಂದು ಮಾತ್ರ ಕಲ್ಲಿದ್ದಲ ಪೆಟ್ಟಿಗೆಯ ಹಿಂದೆ, ಕಂಬಳಿಯೊಳಗೆ, ಅವನ ಕಣ್ಣಿಗೇ ಬಿದ್ದಿತ್ತು.

ನಳಿಗೆಯ ಬುಡದಲ್ಲಿ ಅಡ್ಡ ಮಲಗಿದ ಉಕ್ಕಿನ ಚಕ್ರ. ಅದರ ಅಂಚಿನ ಸುತ್ತ ಎಂಟು ತೂತು, ಎಂಟು ಈಡಿಗೆ ಜಾಗ. ಒಂದು ತೂತು ಗುರಿಯತ್ತ ನಿಂತರೆ ಅದರ ಎದುರಿನದು ನೆಟ್ಟಗೆ ಕೋವಿ ಹಿಡಿದವನ ಮುಖಕ್ಕೆ.

“ಕಿಡಿ ಹಾರಿದ್ರೆ ಹಿಂದಿನ ಮದ್ದೂ ಹೊತ್ಕೊಳುತ್ತೆ. ಇದು ಮಾಟ ಅಲ್ಲ ಅಜ್ಜಿ, ಕೆಟ್ಟ ಕಸುಬು.”

“ಮಾಡಿಸಿದ ಧಣಿಗೂ ಅದು ಗೊತ್ತಿತ್ತು. ಅದಕ್ಕೇ ತಾನು ಹಿಡೀದೆ, ಕೆಲಸದಾಳು ನೋಯೆಲ್ ಕೈಲಿ ಹೊಡೆಸಿದ. ನೋಯೆಲ್‌ಗೆ ಮುಖಾನೇ ಉಳೀಲಿಲ್ಲ. ಅವನ ತಾಯಿ ಮಾಟ ಬಲ್ಲವಳು. ಮಗನ ಗೋರಿ ಮಣ್ಣು ತಂದು ಒಂದು ತೂತಿಗೆ ತುಂಬಿ ಮೇಣ ಬಡಿದಳು. ‘ಇನ್ಮೇಲೆ ಗುರಿ ಹಿಡಿದವನನ್ನ ನನ್ನ ಮಗನೇ ನೋಡ್ಕೋತಾನೆ’ ಅಂದ್ಳಂತೆ. ಖಾಲಿ ಇದೆ ಅಂತ ಗುರಿ ಹಿಡಿದು ಧಣಿ ಸತ್ತ. ಅವನ ಅಳಿಯಾನೂ ಸತ್ತ.”

“ಹಾಗಾದ್ರೆ ನೋಯೆಲ್‌ನ ಮಾತಾಡಿಸಿಯೇ ಬಿಡೋಣ.”

ಅವನು ಸಲಾಕೆ ಹಾಕಿ ನೋಡಿದ. ಏಳು ತೂತು ಖಾಲಿ. ಎಂಟನೆಯದರ ಮೇಣವನ್ನು ದಬ್ಬಳದಿಂದ ಕಿತ್ತ. ಕಪ್ಪು ಮಣ್ಣು ಉದುರಿತು. ಚಿಕೋರಿ ಕಾಫಿಯ ಘಮವನ್ನು ಅಡಗಿಸಿ ಸುಟ್ಟ ಕೂದಲಿನ ಕಮಟು ಕೋಣೆಯಿಡೀ ಹರಡಿತು. ಮದ್ದಿಲ್ಲ, ಗುಂಡಿಲ್ಲ. ಅವನು ಕೋವಿಯನ್ನು ಹೆಗಲಿಗೇರಿಸಿ, ಕಿಟಕಿಯಾಚೆ ನದಿಯಲ್ಲಿ ಸಾಗುತ್ತಿದ್ದ ದೋಣಿಯ ಹೊಗೆಕೊಳವೆಗೆ ಗುರಿಯಿಟ್ಟ.

ದೋಣಿಯ ಸದ್ದು ನಿಂತುಹೋಯಿತು. ನಡುಮಧ್ಯಾಹ್ನದ ಬೆಳಕು ಗಾಜಿನಾಚೆಯೇ ಉಳಿಯಿತು.

ಟಕ್. ಚಕ್ರ ತಾನಾಗಿ ತಿರುಗಿತು. ಟಕ್. ಇನ್ನೊಂದು ಸಲ. ಎಂಟನೆಯ ತೂತು ಅವನ ಬಲಗಣ್ಣಿನೆದುರು ಬಂದು ನಿಂತಿತು. ಒಳಗೆ ಕತ್ತಲು. ಕತ್ತಲಲ್ಲಿ ಏನೋ ತೇವವಾಗಿ ಹೊಳೆಯಿತು.

ಅದು ರೆಪ್ಪೆ ಬಡಿಯಿತು.

ಅವನು ಕೋವಿ ಬಿಸಾಡಲು ನೋಡಿದ. ಕೈ ಅದಕ್ಕೆ ಅಂಟಿಕೊಂಡಿತ್ತು. ಕೂಗಲು ನೋಡಿದ. ದನಿ ಬರಲಿಲ್ಲ. ಕೋವಿಯ ಕುದುರೆ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು, ಅವನ ಬೆರಳನ್ನೂ ಎಳೆದುಕೊಂಡು.

“ಕಣ್ ಮುಚ್ಚೋ! ಮುಚ್ಚೋ ಮಗಾ!”

ಉಳಿ ಬಿದ್ದ ಸದ್ದು. ಕುರ್ಚಿ ಮಗುಚಿತು. ಅಜ್ಜಿಯ ಬಲಗೈ ಅಡ್ಡ ಬಂದು ತೂತನ್ನು ಮುಚ್ಚಿತು.

ಢಂ!

ಆಸ್ಪತ್ರೆಯಲ್ಲಿ ವೈದ್ಯರಿಗೆ ಸೀಸದ ಒಂದು ಚೂರೂ ಸಿಗಲಿಲ್ಲ. ಗಾಯದ ತುಂಬ ಕರಿಮಣ್ಣು. ನಲವತ್ತು ವರ್ಷ ಉಕ್ಕಿನ ಮೇಲೆ ಹೂಬಳ್ಳಿ ಕೊರೆದ ಕೈಯನ್ನು ಮಣಿಕಟ್ಟಿನಿಂದ ತೆಗೆಯಬೇಕಾಯಿತು. ಎವ್ರಾರ್ ಮೈಮೇಲೆ ಒಂದು ಗೀರೂ ಇರಲಿಲ್ಲ. ಎರಡು ದಿನ ಅವನು ಅವಳ ಮಂಚದ ಪಕ್ಕದಿಂದ ಏಳಲಿಲ್ಲ.

“ಹೋಗಿದ್ದು ನನ್ನ ಕೈ. ನೀನ್ಯಾಕೆ ಹೀಗೆ ಕೂತಿದ್ದೀಯ?” ಎಂದಳು ಅಜ್ಜಿ, ಎಚ್ಚರವಾದಾಗ. “ಒಂದು ಗಳಿಗೆ ಕಣ್ಣು ಮುಚ್ಚಿ ಮಲಕ್ಕೋ ಹೋಗು.”

“ಎಡಗಣ್ಣು ಮುಚ್ಚುತ್ತೆ ಅಜ್ಜಿ,” ಎಂದ ಎವ್ರಾರ್.

ದಾದಿ ಹತ್ತಿರ ಬಂದು, ಅವನ ಬಲಗಣ್ಣಿನ ರೆಪ್ಪೆಯನ್ನು ಎರಡು ಬೆರಳಿಂದ ಮೆಲ್ಲಗೆ ಕೆಳಗೆಳೆದಳು. ಅದು ಬರಲಿಲ್ಲ.