ಮಂಡಿ ಮೇಷ್ಟ್ರ ದೋಣಿ

"ಅಲ್ಲಾಡಬೇಡಿ."

ಆತ ಅಲ್ಲಾಡಲಿಲ್ಲ. ದೋಣಿಯೊಳಗೆ ಮಂಡಿಯೂರಿ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅವಳು ಬಗ್ಗಿ ಅವನ ಮಂಡಿಯ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಳು. ಗೆರೆ ಒಂದು ಕಡೆ ನಡುಗಿತು.

ಯಾಕೆ ನಡುಗಿತು? ಅಂಟಿನ ವಾಸನೆಗೆ ತಲೆ ಸುತ್ತಿರಬೇಕು ಅಂದುಕೊಂಡಳು. ಆದರೆ ಅಂಟಿನ ಡಬ್ಬಿಯ ಮುಚ್ಚಳವನ್ನು ಅವಳು ಇನ್ನೂ ತೆಗೆದೇ ಇರಲಿಲ್ಲ.

ದೋಣಿ ರಿಪೇರಿಯ ಆ ಶೆಡ್ಡು ಅವಳ ಮಾವನದು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಅವನು ಮಾಡುತ್ತಿದ್ದ ಕೆಲಸ ಅವಳ ಕೈಗೆ ಬಂದಿತ್ತು. ಯಾರೂ ಕೊಟ್ಟದ್ದಲ್ಲ, ಅವಳು ಕೇಳಿದ್ದೂ ಅಲ್ಲ.

ಬಂಡೆಗಳ ನಡುವೆ ನೊರೆಯುಕ್ಕಿ ಹರಿಯುವ ನೀರಿಗೆ ಇಳಿಸುವ ಕನೂ ದೋಣಿಯಲ್ಲಿ ಮಂಡಿಯೂರಿಯೇ ಕೂರಬೇಕು. ಮಂಡಿಗೆ, ತೊಡೆಗೆ ಸರಿಯಾಗಿ ದಪ್ಪ ಫೋಮ್ ಕೊರೆದು ಒಳಗೆ ಅಂಟಿಸುವುದು ಅವಳ ಕೆಲಸ. ಅದು ಗಟ್ಟಿಯಾಗಿ ಹಿಡಿದಿದ್ದರೆ ಮೈ ತಿರುಗಿದ ಕಡೆ ದೋಣಿ ತಿರುಗುತ್ತದೆ. ನಡುನೀರಿನಲ್ಲಿ ಕಿತ್ತುಬಂದರೆ ದೋಣಿ ಒಂದು ದಿಕ್ಕು, ಮನುಷ್ಯ ಒಂದು ದಿಕ್ಕು.

"ಆಯ್ತು, ಏಳಿ."

"ಏಳೋಕೆ ಆಗ್ತಿಲ್ಲ. ಕಾಲು ಜೋಮು ಹಿಡಿದಿದೆ."

ಮೂಲೆಯಲ್ಲಿ ಹುಟ್ಟಿಗೆ ಮರಳುಕಾಗದ ಉಜ್ಜುತ್ತಿದ್ದ ಮಾವ ನಕ್ಕರು. "ಶಾಲೇಲಿ ಹುಡುಗರನ್ನ ಮಂಡಿ ಊರಿಸ್ತೀರಲ್ಲ ಮೇಷ್ಟ್ರೇ, ಈಗ ಗೊತ್ತಾಯ್ತಾ ಅವರ ಕಷ್ಟ?"

ಆತ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ರಜೆ ಬಂದರೆ ನದಿಯಲ್ಲಿರುತ್ತಿದ್ದ. ಅಂದಿನಿಂದ ಮಾವನ ಬಾಯಲ್ಲಿ ಆತ ಮಂಡಿ ಮೇಷ್ಟ್ರು.

ಮುಂದಿನ ವಾರವೇ ದೋಣಿ ವಾಪಸ್ ಬಂತು.

"ಬಲಗಡೆದು ಬಿಟ್ಕೊಂಡಿದೆ," ಎಂದ, ತಾನೇ ತಪ್ಪು ಮಾಡಿದವನ ಹಾಗೆ ನೆಲ ನೋಡುತ್ತ.

ಅವಳ ಮುಖ ಸಣ್ಣದಾಯಿತು. ಕೆರೆದು, ಒರೆಸಿ, ಮತ್ತೆ ಅಂಟಿಸಿದಳು. ಆತ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದ. ಯಾವ ಬ್ರಷ್ಷು, ಯಾಕೆ ಎರಡೂ ಕಡೆ ಹಚ್ಚಬೇಕು ಎಂದೆಲ್ಲ ಕೇಳಿದ. ಅವಳು ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟಳು. ಆತ ಹೋದ ಮೇಲೆ ಶೆಡ್ಡು ದೊಡ್ಡದಾಯಿತೇನೋ ಅನ್ನಿಸಿತು. ಹಾಗೆ ಯಾಕನ್ನಿಸಿತು ಎಂಬುದು ಮಾತ್ರ ತಿಳಿಯಲಿಲ್ಲ.

ಸ್ವಲ್ಪ ದಿನಕ್ಕೆ ಎಡಗಡೆಯದೂ ಕಿತ್ತುಬಂತು. ಅದನ್ನೂ ಸರಿಮಾಡಿ ಕಳಿಸಿದ ಸಂಜೆ ಅವಳು ಮಾವನ ಎದುರು ನಿಂತಳು.

"ಮಾವ, ಅಂಟಿಸೋ ಕೆಲಸ ನಾನು ಬಿಡ್ತೀನಿ."

"ಯಾಕಮ್ಮ?"

"ಕೈ ಕೂರ್ತಿಲ್ಲ. ಯಾರಾದ್ರೂ ನೀರಲ್ಲಿ…"

"ಬೇರೆ ಯಾರ ದೋಣೀನೂ ವಾಪಸ್ ಬಂದಿಲ್ವಲ್ಲ?"

"ಬರೋವರೆಗೆ ಕಾಯೋದಾ?"

ಮಾವ ಕೈಯಲ್ಲಿದ್ದ ಹುಟ್ಟನ್ನು ಗೋಡೆಗೆ ಒರಗಿಸಿದರು. "ಮಂಡಿ ಮೇಷ್ಟ್ರದ್ದು ಇನ್ನೊಂದು ವಾರ ನೋಡು. ಆಮೇಲೆ ನಿನ್ನಿಷ್ಟ."

ಗಂಡ ಹೋದ ಮೇಲೆ ಅವಳಲ್ಲಿ ಬದುಕಿದ್ದದ್ದು ಆ ಎರಡು ಕೈ ಮಾತ್ರ. ಅಳು ಬರುತ್ತಿರಲಿಲ್ಲ, ಹಸಿವು ತಿಳಿಯುತ್ತಿರಲಿಲ್ಲ. ಕೈ ಮಾತ್ರ ಕೆಲಸ ಮಾಡುತ್ತಿತ್ತು. ಈಗ ಅದೂ ಹೋಯಿತೇ?

ಭಾನುವಾರ ದೋಣಿ ಮತ್ತೆ ಬಂತು.

ಕಿತ್ತುಬಂದಿದ್ದ ಫೋಮನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದಳು. ಅಂಟು ಹಿಡಿಯದೆ ತಾನಾಗಿ ಬಿಟ್ಟಿದ್ದರೆ ಒಂದು ಮೈ ನುಣ್ಣಗೆ ಉಳಿಯಬೇಕಿತ್ತು. ಇಲ್ಲಿ ಎರಡೂ ಮೈಯಲ್ಲಿ ಅಂಟು ನೂಲುನೂಲಾಗಿ ಎಳೆದುಕೊಂಡಿತ್ತು. ಬಿಸಿಗಾಳಿ ಹಿಡಿದು ಎಬ್ಬಿಸಿದರೆ ಹೀಗಾಗುತ್ತದೆ. ಹಳೆಯ ಫೋಮ್ ಬಿಡಿಸಲು ಅವಳೇ ಎಷ್ಟು ಸಲ ಹಾಗೆ ಮಾಡಿಲ್ಲ?

"ಮೇಷ್ಟ್ರೇ, ನಿಮ್ಮನೇಲಿ ಹೇರ್ ಡ್ರೈಯರ್ ಇದೆಯಾ?"

ಬೋಳಾಗುತ್ತಿದ್ದ ನೆತ್ತಿಯ ಮೇಲೆ ಆತನ ಕೈ ತಾನಾಗಿ ಹೋಯಿತು. "ಇದೆ… ಅಕ್ಕಂದು."

"ಅದರಲ್ಲಿ ಅಕ್ಕ ಕೂದಲು ಒಣಗಿಸ್ತಾರೋ, ನೀವು ದೋಣಿ ಒಣಗಿಸ್ತೀರೋ?"

ಮೂಲೆಯಲ್ಲಿ ಮರಳುಕಾಗದದ ಸದ್ದು ನಿಂತಿತು. "ಈ ಹುಟ್ಟು ಸೊಟ್ಟ ಇದೆಯಾ ಅಂತ ಬಿಸಿಲಲ್ಲಿ ನೋಡ್ತೀನಿ," ಎಂದು ಮಾವ ಹೊರಗೆ ಹೋದರು. ಹೊರಗೆ ಮೋಡ ಕವಿದಿತ್ತು.

"ಮೊದಲನೇ ಸಲದ್ದು?"

"ನಾನೇ ಕಿತ್ತಿದ್ದು."

"ಎರಡನೇದು?"

"ಅದೂ."

"ಯಾಕೆ?"

ಆತ ಫೋಮನ್ನೇ ನೋಡುತ್ತ ಹೇಳಿದ. "ಅದು ಸರಿಯಾಗಿ ಕೂತ್ಬಿಟ್ರೆ ನನಗೆ ಇಲ್ಲಿ ಏನು ಕೆಲಸ?"

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಬಂದದ್ದು ಸಿಟ್ಟು.

"ನನ್ನ ಕೈಯೇ ಹಾಳಾಯ್ತು ಅಂದ್ಕೊಂಡೆ. ಕಣ್ಣು ಮುಚ್ಚಿದ್ರೆ ನಿಮ್ಮನ್ನ ನೀರಿಂದ ಎತ್ಕೊಂಡು ಬಂದು ಇಲ್ಲೇ ಮಲಗಿಸಿದ ಹಾಗೆ… ಕೆಲಸ ಬಿಡ್ತೀನಿ ಅಂತ ಮಾವನಿಗೂ ಹೇಳಾಯ್ತು. ಬರಬೇಕು ಅನ್ನಿಸಿದ್ರೆ ಬಾಯಿ ಇರಲಿಲ್ವಾ ನಿಮಗೆ?"

ಆತನ ಮುಖದ ಬಣ್ಣ ಇಳಿಯಿತು. ಇಷ್ಟಾಗಬಹುದೆಂದು ಆತ ಯೋಚಿಸಿಯೇ ಇರಲಿಲ್ಲ.

"ತಪ್ಪಾಯ್ತು. ಯಜಮಾನ್ರಿಗೆ ನಾನೇ ಹೇಳ್ತೀನಿ. ಇನ್ನು ಬರಲ್ಲ."

ಆತ ಹೊರಗೆ ಹೋದ. ತಗಡಿನ ಗೋಡೆಯಾಚೆಯಿಂದ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. "ಯಜಮಾನ್ರೇ, ಕಿತ್ತಿದ್ದೆಲ್ಲ ನಾನು. ಅವರ ಕೈಯಲ್ಲಿ ಏನೂ ತಪ್ಪಿಲ್ಲ." ಮಾವನ ಮರಳುಕಾಗದ ಮತ್ತೆ ಸದ್ದು ಮಾಡತೊಡಗಿತು.

ಅವಳ ಕಣ್ಣು ಉರಿಯಿತು. ಕೆನ್ನೆ ಒದ್ದೆಯಾಗಿತ್ತು. ಎಷ್ಟು ಕಾಲದ ಮೇಲೆ… ಯಾರಿಗಾಗಿ ಈ ಅಳು? ತೀರಿಹೋದವನಿಗೋ, ಹೊರಗೆ ನಿಂತವನಿಗೋ, ವಾಪಸ್ ಸಿಕ್ಕ ತನ್ನ ಕೈಗಳಿಗೋ? ಬೇರೆ ಮಾಡಿ ನೋಡಲು ಆಗಲಿಲ್ಲ. ಅಷ್ಟರಲ್ಲಿ ಕೈಗಳು ಡಬ್ಬಿಯ ಮುಚ್ಚಳ ತೆಗೆದು ಅಂಟು ಹಚ್ಚತೊಡಗಿದ್ದವು.

ಆತ ಚೀಲ ತೆಗೆದುಕೊಳ್ಳಲು ಒಳಗೆ ಬಂದ.

"ಎಲ್ಲಿಗೆ?" ಅವಳು ತಲೆಯೆತ್ತಲಿಲ್ಲ. "ಎರಡೂ ಕಡೆ ಹಚ್ಚಿ ಆಗಿದೆ. ಒತ್ತಿ ಹಿಡಿಯೋರು ಯಾರು?"

ಆತ ಚೀಲ ಕೆಳಗಿಟ್ಟು ದೋಣಿಯ ಆಚೆ ಬದಿಗೆ ಬಂದು ನಿಂತ.

"ಒತ್ಲಾ?"

"ಇನ್ನೂ ಇಲ್ಲ. ಬೆರಳಿಗೆ ಅಂಟಬಾರದು, ಅಷ್ಟು ಒಣಗಬೇಕು. ಒಂದು ಸಲ ತಾಗಿದ್ರೆ ಆಮೇಲೆ ಜರುಗಿಸೋಕೆ ಬರಲ್ಲ."

"ಎಷ್ಟು ಹೊತ್ತು ಬೇಕು?"

"ಹೇಳೋಕಾಗಲ್ಲ."

"ಸರಿ, ಕಾಯ್ತೀನಿ."

ಇಬ್ಬರೂ ಅಂಟು ಒಣಗುವುದನ್ನೇ ನೋಡುತ್ತ ನಿಂತರು.

"ನನಗೆ ಏನೂ ತಿಳೀತಿಲ್ಲ ಮೇಷ್ಟ್ರೇ," ಎಂದಳು. "ಸಿಟ್ಟು ಬಂತು ಅನ್ನೋದು ಮಾತ್ರ ಗೊತ್ತು. ಅವರನ್ನ ನಾನು ಮರೆತಿಲ್ಲ."

"ಮರೀರಿ ಅಂತ ನಾನು ಕೇಳಿಲ್ಲ."

ಅವಳು ಬೆರಳು ತಾಗಿಸಿ ನೋಡಿದಳು. ಅಂಟಲಿಲ್ಲ. ಫೋಮನ್ನು ಗೆರೆಗೆ ಸರಿಯಾಗಿ ಇಳಿಸಿದಳು. ನಾಲ್ಕು ಕೈಗಳು ಒಟ್ಟಿಗೆ ಒತ್ತಿದವು. ಒಂದು ಕಡೆ ಅವನ ಬೆರಳು ಅವಳ ಬೆರಳಿಗೆ ತಾಗಿತು. ಅವಳು ಕೈ ತೆಗೆಯಲಿಲ್ಲ.

"ಮುಂದಿನ ಭಾನುವಾರ…" ಎಂದಳು.

"ಹೇಳಿ."

"ದೋಣಿ ತರಬೇಡಿ."

ಆತನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಮತ್ತೆ… ಏನು ಕೆಲಸಕ್ಕೆ ಬಂದೆ ಅಂತ ಹೇಳಲಿ ಯಜಮಾನ್ರ ಹತ್ರ?"

"ಏನೂ ಹೇಳಬೇಡಿ. ಸುಮ್ನೆ ಬನ್ನಿ."