ರೆಕ್ಕೆಕುದುರೆಯ ಜೀನು

ಬಹುಕಾಲದ ಮಾತು. ಬೆಳ್ಳಕ್ಕಿಪುರವೆಂಬ ರಾಜ್ಯದಲ್ಲಿ ಮಾಚಿಗನೆಂಬ ಹುಡುಗ ಯುಗಾದಿಯ ಮಾರನೆಯ ವರ್ಷತೊಡಕಿನ ದಿನ, ಅಕ್ಷರ ಕಲಿಸುವ ಐಗಳ ಮಠಕ್ಕೆ ಬೆನ್ನು ಹಾಕಿ ಊರು ಬಿಟ್ಟ. ಆ ದಿನ ಮಾಡಿದ್ದನ್ನೇ ವರ್ಷವಿಡೀ ಮಾಡುತ್ತಾರಂತಲ್ಲ, ಹಾಗೇ ಆಯಿತು. ನಡೆಯುತ್ತಲೇ ಇದ್ದ. ದಾರಿಯಲ್ಲೇ ಕುದುರೆ ಬೆನ್ನಿಗೆ ಹಾಕುವ ಜೀನು ಹೊಲಿಯುವುದನ್ನು ಕಲಿತ.

ಎಲ್ಲಿ ಮಲಗಿದರೂ ಅವ್ವನ ಜೋಗುಳ ಗುನುಗಿಕೊಂಡೇ ನಿದ್ದೆ ಹೋಗುತ್ತಿದ್ದ. ಒಂದು ಸಂಜೆ ಅದರ ಒಂದು ಸಾಲೂ ನೆನಪಾಗಲಿಲ್ಲ. ಕೂಡಲೇ ಊರಿಗೆ ಓಡಿಬಂದ.

ಊರಲ್ಲಿ ಕೂಸುಗಳೆಲ್ಲ ಅಳುತ್ತಿದ್ದವು. ಕಂಕಾಳನೆಂಬ ಮಾಂತ್ರಿಕ ರಾಜ್ಯದ ಜೋಗುಳಗಳನ್ನೆಲ್ಲ ಕದ್ದು ಗಡಿಗೆಗೆ ತುಂಬಿ, ಮೋಡದ ಮೇಲಿನ ಕೋಟೆಯಲ್ಲಿ ಇಟ್ಟಿದ್ದ.

"ಏನೋ ಇತ್ತು ಕಣಪ್ಪ," ಅಂದಳು ಅವ್ವ. "ತುಂಬ ಚೆಂದ ಇತ್ತು."

ಅಲ್ಲಿಗೆ ಹಾರಬಲ್ಲದ್ದು ಅರಮನೆಯ ರೆಕ್ಕೆಕುದುರೆ ಒಂದೇ. ಜೀನು ಹಾಕಿದರೆ ಒದ್ದು ಕೆಡವುತ್ತಿತ್ತು. ಅರ್ಧ ಆದದ್ದನ್ನು ತೋರಿಸಿದರೆ ದೃಷ್ಟಿಯಾಗುತ್ತದೆಂದು ಅಲ್ಲಿಯ ಕಸಬಿನವರು ಬಾಗಿಲು ಹಾಕಿಕೊಂಡು ಹೊಲಿದು, ಮುಹೂರ್ತ ನೋಡಿ ಬೆನ್ನಿಗೇರಿಸುತ್ತಿದ್ದರು. ಕುದುರೆಗೆ ಮಾತು ಬರುತ್ತಿತ್ತು, ಕೇಳಿದವರಿಲ್ಲ.

ಮಾಚಿಗ ಹುಲ್ಲಿನಲ್ಲೊಂದು ಜೀನು ಹೆಣೆದು ಅವತ್ತೇ ಲಾಯಕ್ಕೆ ಒಯ್ದ.

"ಅರೆಬೆಂದದ್ದನ್ನು ಬಡಿಸ್ತಾನೆ!" ಎಂದು ಕಸಬಿನವರು ನಕ್ಕರು.

"ಹೇಗಿದೆ, ಹೇಳಣ್ಣ," ಅಂದ ಮಾಚಿಗ.

"ರೆಕ್ಕೆ ಬುಡಕ್ಕೆ ಒತ್ತುತ್ತಲ್ಲೋ!" ಅಂದಿತು ಕುದುರೆ.

ಬಿಚ್ಚಿದ. ಹಳೇ ಅರಿವೆಯಲ್ಲಿ ಹೊಲಿದು ಒಯ್ದ. "ಈಗ ಹೇಗಣ್ಣ?"

"ರೆಕ್ಕೆಗೆ ಹಾಯಾಗಿದೆ. ಹೊಟ್ಟೆಪಟ್ಟಿ ಸಡಿಲಿಸು. ನಾನು ಉಸಿರಾಡೋದು ಬೇಡವಾ?"

ಬಿಚ್ಚಿದ. ತೊಗಲಿನಲ್ಲಿ ಹೊಲಿದು ಒಯ್ದ. "ಈಗ?"

"ನನಗೆ ಸರಿ. ನಿನಗೆ?"

"ನನಗೇನು?"

"ಹೊರೋನು ನಾನು, ಕೂರೋನು ನೀನಲ್ಲವೇನೋ ಪೆದ್ದೇ! ಹತ್ತಿ ನೋಡು."

ಹತ್ತಿದ. ಕುದುರೆ ಒಮ್ಮೆ ಮೈ ಕೊಡವಿತು. ಮಾಚಿಗ ದೊಪ್ಪೆಂದು ಹುಲ್ಲಿನ ರಾಶಿಯ ಮೇಲೆ ಬಿದ್ದ. ಎದ್ದು, ಸೊಂಟ ಉಜ್ಜಿಕೊಂಡು, ಜೀನಿನ ಮುಂದುಗಡೆ ಕೈಗೊಂದು ಹಿಡಿ ಹೊಲಿದ.

ಆಮೇಲೆ ಇಬ್ಬರೂ ಮೋಡದ ಕೋಟೆಗೆ ಹಾರಿದರು. ಕಂಕಾಳ ಮಂತ್ರದಂಡ ಬೀಸಿದ. ಕುದುರೆ ಸರ್ರನೆ ಪಕ್ಕಕ್ಕೆ ವಾಲಿತು. ಮಾಚಿಗ ಆ ಹಿಡಿಗೆ ಜೋತುಬಿದ್ದೇ ಗಡಿಗೆಗೆ ಒದ್ದ. ಗಡಿಗೆ ಒಡೆದು ಜೋಗುಳಗಳು ಹೊರಬಂದವು. ಕಂಕಾಳನಿಗೆ ಹುಟ್ಟಿದಾಗಿನಿಂದ ಯಾರೂ ಹಾಡಿರಲಿಲ್ಲ. ಕೇಳುತ್ತ ಕೇಳುತ್ತ ಸಣ್ಣ ಕೂಸಾಗಿ, ಹೆಬ್ಬೆರಳು ಚೀಪುತ್ತ ಮಲಗಿಬಿಟ್ಟ. ಕೋಟೆ ಕರಗಿತು.

ಮಾಚಿಗ ಕೂಸನ್ನು ತಂದು ಅವ್ವನ ಮಡಿಲಿಗೆ ಹಾಕಿದ. ಅವ್ವ ತೂಗುತ್ತ ಹಾಡಿದಳು. ಚಿಕ್ಕಂದಿನ ಹಾಗೆ ಅವಳ ಸೆರಗು ಹಿಡಿದು ಅವನೂ ಮಲಗಿದ. ರಾಜ್ಯಕ್ಕೆ ರಾಜ್ಯವೇ ಹಾಯಾಗಿ ನಿದ್ದೆ ಹೋಯಿತು.

ಬೆಳಗ್ಗೆ ಮಾಚಿಗ ದಬ್ಬಳ, ದಾರ ಗಂಟು ಕಟ್ಟುತ್ತಿದ್ದ.

"ಮತ್ತೆ ಎಲ್ಲಿಗೋ? ರಾಜರು ಇಲ್ಲೇ ಇರು ಅಂದರಲ್ಲೋ!"

"ಆಚೆ ಸೀಮೆಯಲ್ಲಿ ಒಂದು ಆನೆ ಯಾರನ್ನೂ ಕೂರಿಸಿಕೊಳ್ಳಲ್ಲವಂತೆ. ಏನು ನೋವೋ, ಕೇಳಿಕೊಂಡು ಬರ್ತೀನಿ ಅವ್ವ."

ಅವಳು ಮುಖ ಆಚೆ ತಿರುಗಿಸಿದಳು. "ಮೆಲ್ಲಗೆ ಮಾತಾಡೋ. ಕೂಸು ಏಳುತ್ತೆ."

ಅವನು ಗಂಟು ಬಿಗಿದ.